ಅಕ್ಷರಕ್ಕೆ ಎಂಟು ರೂಪಾಯಿ

ತೀರ್ಥಹಳ್ಳಿ ದಾಟಿ ಮುಕ್ಕಾಲು ಗಂಟೆ, ಒಂದು ತಿರುವಿನಲ್ಲಿ
ಬಸ್ಸು ನನ್ನನ್ನೂ ನನ್ನ ಡಬ್ಬಿಗಳನ್ನೂ ಇಳಿಸಿ ಹೋಯಿತು.
ಕಪ್ಪು ಎನಾಮಲ್ ಒಂದು ಲೀಟರು, ಟರ್ಪೆಂಟೈನು,
ಅಳಿಲ ಬಾಲದ ಕುಂಚ ನಾಲ್ಕು, ಒರೆಸಲು ಹಳೆ ಬನಿಯನ್ನು.
ಫ್ಲೆಕ್ಸು ಬಂದಮೇಲೆ ಶಿವಮೊಗ್ಗದ ದಸ್ತಗೀರ್ ಆರ್ಟ್ಸಿಗೆ
ಬದುಕಿರುವವರ ಹೆಸರು ಬರೆಯುವ ಕೆಲಸ ಕಡಿಮೆ.

ಇಗರ್ಜಿ ಅಂದೆ.
ಇಗರ್ಜಿ ಅವರದು, ನಮ್ಮದು ದೇವಾಲಯ,
ಅಂದರು ಬೀಗದ ಕೈ ತಂದ ತಬಿತಮ್ಮ.
ಒಳಗೆ ಒಂದು ಮೂರ್ತಿಯಿಲ್ಲ. ಸುಣ್ಣದ ಗೋಡೆ, ಬೆಂಚು, ತಂಪು.
ನಮ್ಮ ಮಸೀದಿಯ ಹಾಗೇ ಇದೆಯಲ್ಲ ಎನ್ನಿಸಿ ಸುಮ್ಮನಾದೆ.
ಕಂಬಕ್ಕೆ ಸಣ್ಣ ಹಲಗೆ, ಸೀಮೆಸುಣ್ಣದಲ್ಲಿ
೪೨, ೧೧೭, ೮.
ಓಸಿ ನಂಬರಾ ಅಮ್ಮ? ಬಾಯಿಗೆ ಬಂದೇ ಬಿಟ್ಟಿತು.
ಹೋದ ಭಾನುವಾರದ ಹಾಡುಗಳಪ್ಪ, ಅಂತ ನಕ್ಕು
ಆಕೆ ಎಂಟನ್ನು ಮಾತ್ರ ಸೆರಗಲ್ಲಿ ಒರೆಸಿದರು, ಯಾಕೋ ಏನೋ.
ಹನ್ನೊಂದು ಜನ ಹಾಡುತ್ತಾರಂತೆ. ಮಳೆಗಾಲದಲ್ಲಿ ಏಳು.

ದರ ಫೋನಿನಲ್ಲೇ ಆಗಿತ್ತು, ಅಕ್ಷರಕ್ಕೆ ಎಂಟು.
ಒತ್ತಿಗೆ? ಕೇಳಿದೆ. ಕ್ರಿಸ್ತ ಅಂದರೆ ಎರಡೋ ನಾಲ್ಕೋ?
ಚೌಕಾಸಿ ನಡೆದು ಮೂರಕ್ಕೆ ನಿಂತಿತು.

ಹಿತ್ತಿಲಲ್ಲಿ ಇಪ್ಪತ್ತಮೂರು ಸಮಾಧಿ.
ಮೊದಲನೆಯದು ಪಾದ್ರಿಯದು, ಜರ್ಮನಿಯ ಯಾವುದೋ ಊರು.
ಬಂದದ್ದು ನವೆಂಬರು, ಹೋದದ್ದು ಮೇ.
ಮಲೆನಾಡ ಚಳಿಜ್ವರ ಕನ್ನಡ ಕಲಿಯುವಷ್ಟೂ ಬಿಡಲಿಲ್ಲ.
ಅವರ ಲಿಪಿ ನನಗೆ ಬಾರದು. ಬಾರದ್ದನ್ನು ಬರೆಯುವುದೇ ಕಸುಬು,
ಮೂವತ್ತು ವರ್ಷ ಇಂಗ್ಲಿಷು ಹಾಗೇ ಬರೆದಿದ್ದೇನೆ, ಚಿತ್ರದಂತೆ.
ಹೆಸರಿನ ನೆತ್ತಿಯ ಮೇಲೆ ಎರಡು ಕುಳಿ.
ಹಾವಸೆ ತಿಂದದ್ದೆಂದು ಸಿಮೆಂಟು ಮೆತ್ತಿ ನಯಮಾಡಿದೆ.
ತಬಿತಮ್ಮ ಕನ್ನಡಕ ಏರಿಸಿದರು. ಅಯ್ಯೋ, ಅದು ಚುಕ್ಕೆ,
ಅದಿಲ್ಲದಿದ್ದರೆ ಅವರು ಬೇರೆ ಯಾರೋ.
ತಿಳಿಯಿತು. ಗಂಡ ಎಂಬುದರ ಸೊನ್ನೆ ಅಳಿಸಿದರೆ
ಉಳಿಯುವುದು ಗಡ, ಬರೀ ಯಾರೋ ಹೇಳಿದ ಮಾತು.
ಮೊಳೆಯಿಂದ ಕೆದಕಿ ಎರಡೂ ಕಣ್ಣು ತೆರೆಸಿದೆ.
ಚುಕ್ಕೆಗೆ ದುಡ್ಡು ಹಚ್ಚಲಿಲ್ಲ.

ಆಚೆ ಸಾಲಿನಲ್ಲಿ ಕನ್ನಡದ ಕಲ್ಲುಗಳು.
ಹಂಚಿನ ಮೇಸ್ತ್ರಿ ಯೋನಪ್ಪ, ಸೂಲಗಿತ್ತಿ ಸುಗುಣವ್ವ,
ದೀನಮ್ಮ, ವಯಸ್ಸು ಹತ್ತೊಂಬತ್ತು, ಕರ್ತನಲ್ಲಿ ನಿದೆಹೋದಳು.
ದ ಕೆಳಗೆ ಒತ್ತು ಬಿಟ್ಟಿದ್ದಾರೆ, ತಿದ್ದಿಬಿಡಲೇ?
ಬೇಡ. ನೂರು ವರ್ಷದಿಂದ ಹಾಗೇ ಮಲಗಿದ್ದಾಳೆ,
ಒತ್ತಿ ಎಬ್ಬಿಸಬೇಡಿ.

ಮೂರನೆಯ ದಿನ ಉಳಿದದ್ದು ಒಂದು,
ಗೋಡೆಗೆ ಒರಗಿದ ಮೊಣಕಾಲೆತ್ತರದ ಕಲ್ಲು.
ಕಣ್ಣುಮುಚ್ಚಿ ಬೆರಳಾಡಿಸಿದೆ. ಅಳಿಸಿಹೋದದ್ದಲ್ಲ,
ಬರೆದೇ ಇಲ್ಲ.
ಯಾರದಮ್ಮ ಇದು?
ಸಭೆಯ ದಾಖಲೆ ಪುಸ್ತಕದಲ್ಲಿ ಒಂದು ಸಾಲಿದೆಯಂತೆ,
ಪಾದ್ರಿಯ ಮೇನೆ ಹೊತ್ತು ಘಟ್ಟ ಹತ್ತಿಸಿದ ಬೋಯಿಗಳಲ್ಲಿ ಒಬ್ಬ.
ಅದೇ ಮೇ ತಿಂಗಳು, ಅದೇ ಜ್ವರ.
ಹೆಸರಿನ ಜಾಗದಲ್ಲೂ 'ಒಬ್ಬ' ಅಂತಲೇ.
ದೀಕ್ಷಾಸ್ನಾನ ಆಗಿತ್ತೋ ಇಲ್ಲವೋ, ಅದೂ ಇಲ್ಲ.
ಏನು ಬರೆಯಲಿ?
ಏನೂ ಬೇಡ. ತೊಳೆಯಿರಿ ಸಾಕು.

ಬಾವಿಯಿಂದ ಆರು ಕೊಡ ನೀರು, ಒಂದು ಹಿಡಿ ತೆಂಗಿನ ನಾರು.
ನಾಲ್ಕೂವರೆಯ ಬಸ್ಸು ಕೆಳಗೆ ಹಾರನ್ ಹೊಡೆದು ಹೋಯಿತು.
ಹಾವಸೆ ಎದ್ದಮೇಲೆ ಕಲ್ಲು ನೀಲಿಗಪ್ಪು, ಒದ್ದೆ,
ಈಗಷ್ಟೇ ಹೊರೆ ಇಳಿಸಿದ ಹೆಗಲು.

ಲೆಕ್ಕ ಬರೆದುಕೊಟ್ಟೆ. ಅಕ್ಷರ ಆರುನೂರ ಹದಿನೆಂಟು.
ತಬಿತಮ್ಮ ನೋಟು ಎರಡು ಸಲ ಎಣಿಸಿ,
ಆ ಕಲ್ಲಿಗೆ ಎಷ್ಟು, ಅಂದರು.
ಅದರಲ್ಲಿ ಅಕ್ಷರವೇ ಇಲ್ಲವಲ್ಲಮ್ಮ.

ಬೋರ್ಡು ಮುಗಿದರೆ ಕೆಳಗಿನ ಮೂಲೆಯಲ್ಲಿ
ಸಣ್ಣಗೆ ನಮ್ಮ ಹೆಸರು ಹಾಕುವುದು ರೂಢಿ.
ಅಭ್ಯಾಸಬಲದಿಂದ ಕೈ ಕುಂಚ ಎತ್ತಿತ್ತು.
ಇಳಿಸಿದೆ.
ಕೊನೆಯ ಬಸ್ಸಿಗೆ ಕಾಯುತ್ತ ಬೀಡಿ ಹಚ್ಚುವಾಗ
ಕಡ್ಡಿಯ ಬೆಳಕಲ್ಲಿ ಕಂಡೆ,
ಉಗುರಿನ ಕಪ್ಪೆಲ್ಲ ಹೋಗಿ
ಹಸಿರಿತ್ತು.